ಹಳೆಯ ತಂತ್ರಾಂಶ, ಹೊಸ ಗಣಕಯಂತ್ರ

ಹೊಸ ಯಂತ್ರವು ಹಳೆಯ ಯಂತ್ರಕ್ಕಿಂತ ಎಲ್ಲ ಕೆಲಸಗಳನ್ನೂ ಬೇಗ ಮಾಡುತ್ತದೆಂದು ನಾವು ನಂಬುತ್ತೇವೆ. ಆದರೆ ಹಳೆಯ ತಂತ್ರಾಂಶವು ಕೆಲವೊಮ್ಮೆ ಹೊಸ ಗಣಕದಲ್ಲಿಯೇ ನಿಧಾನವಾಗಿ ನಡೆಯುವುದುಂಟು. ಇದಕ್ಕೆ ಕಾರಣವೇನು?

ಕಲಬುರಗಿಯ ಐವಾನ್-ಎ-ಶಾಹಿ ಎಂಬ ಹೆಸರಿಗೆ ರಾಜಸೌಧವೆಂದು ಅರ್ಥ. ಅದು ನಿಜಾಮರ ಕಾಲವನ್ನು ನೆನಪಿಗೆ ತರುತ್ತದೆ. ಆಗ ಹೈದರಾಬಾದ್ ಸಂಸ್ಥಾನದ ಆಡಳಿತಭಾಷೆ ಉರ್ದುವಾಗಿತ್ತು. 1956ರ ನವೆಂಬರ್ 1ರಂದು ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕ್ರಮೇಣ ಕಚೇರಿಗಳಲ್ಲಿ ಕನ್ನಡವು ನೆಲೆಗೊಂಡಿತು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿರಿ. ಅಂತಹ ಕಚೇರಿಯೊಂದಕ್ಕೆ ಚುರುಕಾದ ಹೊಸ ಗುಮಾಸ್ತನು ಬಂದಿದ್ದಾನೆ. ಹಿಂದಿನವನಿಗಿಂತ ಎರಡರಷ್ಟು ವೇಗವಾಗಿ ಬರೆಯಬಲ್ಲನು. ರೈತನೊಬ್ಬನು ಉರ್ದುವಿನಲ್ಲಿರುವ ಹಳೆಯ ಜಮೀನಿನ ದಾಖಲೆಯನ್ನು ನೋಡಿ ಉತ್ತರ ಬರೆದುಕೊಡಲು ಕೇಳುತ್ತಾನೆ. ಗುಮಾಸ್ತನಿಗೆ ಉರ್ದು ಬಾರದು. ದುಭಾಷಿಯು ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಬೇಕು. ಹಳಬನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಹೊಸಬನಿಗೆ ಒಂದು ಗಂಟೆ ಹಿಡಿಯುತ್ತದೆ. ತಪ್ಪು ದಾಖಲೆಯದೂ ಅಲ್ಲ, ಗುಮಾಸ್ತನದೂ ಅಲ್ಲ. ಎರಡರ ಭಾಷೆಯೇ ಬೇರೆ.

ಗಣಕದ ಮಿದುಳಾದ ಸಂಸ್ಕಾರಕಕ್ಕೂ ತನ್ನದೇ ಆದ ಆದೇಶಭಾಷೆಯಿದೆ. 2006ರಲ್ಲಿ ಆ್ಯಪಲ್ ಸಂಸ್ಥೆಯು ಪವರ್‌ಪಿಸಿ ಸಂಸ್ಕಾರಕಗಳನ್ನು ಬಿಟ್ಟು ಇಂಟೆಲ್ ಸಂಸ್ಕಾರಕಗಳನ್ನು ತನ್ನ ಗಣಕಗಳಲ್ಲಿ ಅಳವಡಿಸತೊಡಗಿತು. ಹಳೆಯ ತಂತ್ರಾಂಶಗಳಿಗಾಗಿ 'ರೊಸೆಟಾ' ಎಂಬ ದುಭಾಷಿಯನ್ನು ಒದಗಿಸಿತು. ಆದರೂ ಚಿತ್ರಗಳನ್ನು ತಿದ್ದುವ ಫೋಟೋಶಾಪ್, ವೇಗಶಾಲಿಯಾದ ಹಳೆಯ ಗಣಕಗಳಲ್ಲಿ ನಡೆದಷ್ಟು ಬೇಗ ಹೊಸವುಗಳಲ್ಲಿ ನಡೆಯಲಿಲ್ಲ. 2007ರಲ್ಲಿ ಇಂಟೆಲ್ ಸಂಸ್ಕಾರಕಕ್ಕೂ ಹೊಂದುವ ಆವೃತ್ತಿ ಬಂದಾಗ ದುಭಾಷಿಯ ಅಗತ್ಯ ತಪ್ಪಿತು.

ಭಾಷೆ ಒಂದೇ ಆಗಿದ್ದರೂ ರೂಢಿ ಬೇರೆಯಾಗಬಹುದು. 1995ರ ಪೆಂಟಿಯಂ ಪ್ರೊ ಸಂಸ್ಕಾರಕವನ್ನು 32 ಬಿಟ್‌ಗಳ ತಂತ್ರಾಂಶಕ್ಕಾಗಿ ರೂಪಿಸಲಾಗಿತ್ತು. 16 ಬಿಟ್‌ಗಳ ಹಳೆಯ ಆದೇಶಗಳು ಅದಕ್ಕೆ ತಿಳಿಯುತ್ತಿದ್ದರೂ ಅವುಗಳಲ್ಲಿ ಕೆಲವನ್ನು ನಡೆಸುವಾಗ ಅದು ತಡವರಿಸುತ್ತಿತ್ತು. ಆದುದರಿಂದ ಅಂತಹ ಕೆಲಸಗಳಲ್ಲಿ ಹಿಂದಿನ ಪೆಂಟಿಯಂ ಕೆಲವೊಮ್ಮೆ ಅದನ್ನು ಮೀರಿಸುತ್ತಿತ್ತು.

ಮೂರನೆಯ ಕಾರಣವೂ ಉಂಟು. ಇಂದಿನ ಒಂದು ಸಂಸ್ಕಾರಕದಲ್ಲಿ ನಾಲ್ಕು, ಎಂಟು ತಿರುಳುಗಳಿರುತ್ತವೆ. ಅನೇಕ ಹಳೆಯ ತಂತ್ರಾಂಶಗಳು ಒಂದೇ ಎತ್ತಿನ ಬಂಡಿಯಂತೆ. ಕೊಟ್ಟಿಗೆಯಲ್ಲಿ ಎಂಟು ಎತ್ತುಗಳಿದ್ದರೂ ನೊಗಕ್ಕೆ ಕಟ್ಟುವುದು ಒಂದನ್ನೇ. ಆ ಒಂದು ಎತ್ತು ಹಿಂದಿನದಕ್ಕಿಂತ ಬಡಕಲಾಗಿದ್ದರೆ ಬಂಡಿ ನಿಧಾನವಾಗದೆ ಇದ್ದೀತೆ?

ಈ ವಿಚಾರವು ವೇಗಕ್ಕಷ್ಟೇ ಸಂಬಂಧಿಸಿದುದಲ್ಲ. ಗಣಕದಲ್ಲಿ ಬೆರಳಚ್ಚು ಮಾಡಿದ ಅನೇಕ ಕನ್ನಡ ಬರೆಹಗಳು ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ತೋರುತ್ತವೆ. ಇಲ್ಲಿ ಓಟ ನಿಧಾನವಾಗುವುದಿಲ್ಲ, ಓದೇ ನಿಂತುಹೋಗುತ್ತದೆ. ಅವುಗಳನ್ನು ಒಮ್ಮೆ ಯುನಿಕೋಡಿಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿಟ್ಟರೆ ಮುಂದಿನವರಿಗೆ ದುಭಾಷಿ ಬೇಕಾಗದು. ಆದರೆ ಮೂಲವನ್ನೂ ಜೋಪಾನವಾಗಿಡಬೇಕು. ಸಂದೇಹ ಬಂದಾಗ ಹೋಲಿಸಿ ನೋಡಲು ಉಳಿಯುವುದು ಅದೊಂದೇ.

ಹೊಸ ಯಂತ್ರವನ್ನು ಕೊಂಡರಷ್ಟೇ ಸಾಲದು. ಹಳೆಯದನ್ನು ಅದಕ್ಕೆ ಅರ್ಥವಾಗುವಂತೆ ಸಿದ್ಧಪಡಿಸುವ ಹೊಣೆಯೂ ನಮ್ಮದೇ.