ಚೀಟಿ ಬರೆದವರನ್ನು ಹುಡುಕಬೇಡಿ

ಗಾರ್ಮೆಂಟ್ಸ್ ಘಟಕದ ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್ ಮತ್ತು ಎಚ್‌ಆರ್ ವಿಭಾಗದವರಿಗೆ: ಕೆಲಸಗಾರರ ಅಭಿಪ್ರಾಯ ಕೇಳುವಾಗ, ಕೇಳಿದ ಮೇಲೆ ಮಾಡಬೇಕಾದ್ದು, ಮಾಡಬಾರದ್ದು

ಅಭಿಪ್ರಾಯ ಸಂಗ್ರಹ ಇರುವುದು ಬೈಯರ್ ಆಡಿಟ್‌ನ ಫೈಲ್ ತುಂಬಿಸಲಿಕ್ಕಲ್ಲ. ಫೈಲಿಗಷ್ಟೇ ಬೇಕಿದ್ದರೆ ಕೇಳಲೇಬೇಡಿ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ತೆಗೆಯುವ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಂಘಗಳ ಕರೆಗೆ ಕಾಯದೆ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ಪಡೆಯಿತು. ಆ ಸಿಟ್ಟು ಸರ್ಕಾರದ ಮೇಲಿನದು, ನಿಜ. ಆದರೂ "ನಮ್ಮ ಹುಡುಗಿಯರು ಬಾಯಿ ಬಿಡಲ್ಲ ಸಾರ್" ಎನ್ನುವ ಸೂಪರ್‌ವೈಸರ್‌ಗಳು ಅದನ್ನೊಮ್ಮೆ ನೆನೆಸಿಕೊಳ್ಳಲಿ.

ಕೇಳುವಾಗ

ಟಾರ್ಗೆಟ್ ಒತ್ತಡ ಇರುವ ದಿನ, ಶಿಫ್ಟ್ ಮುಗಿದು ಬಸ್ಸಿಗೆ ಓಡುವ ಹೊತ್ತಿನಲ್ಲಿ ಪ್ರಶ್ನಾವಳಿ ಹಂಚಕೂಡದು. ಕೆಲಸದ ವೇಳೆಯಲ್ಲೇ ಕೊಡಿ. ಆ ಹೊತ್ತಿನ ಪೀಸ್‌ಗಳನ್ನು ಆ ದಿನದ ಟಾರ್ಗೆಟ್‌ನಿಂದ ಕಳೆಯಿರಿ. ಕನ್ನಡದ ಜೊತೆ ಹಿಂದಿ, ಒಡಿಯಾ ಪ್ರತಿಗಳೂ ಇರಬೇಕು. ಓದಲು ಬಾರದವರಿಗೆ ಓದಿ ಹೇಳುವವರು ಆ ಲೈನಿನವರಾಗಿರಬಾರದು, ಸೂಪರ್‌ವೈಸರ್ ಅಂತೂ ಆಗಲೇಬಾರದು. ತುಂಬುವಾಗ ಸೂಪರ್‌ವೈಸರ್ ಫ್ಲೋರ್ ಮೇಲೆ ನಿಲ್ಲಕೂಡದು. "ಚೆನ್ನಾಗಿದೆ ಅಂತ ಹಾಕಮ್ಮ, ಬೇಗ ಮುಗಿಸು" ಎಂದು ಯಾರಾದರೂ ಹೇಳಿದ್ದು ಗೊತ್ತಾದರೆ ಆ ಲೈನಿನ ಇಡೀ ಕಟ್ಟನ್ನು ರದ್ದು ಮಾಡಿ ಮತ್ತೆ ಕೇಳತಕ್ಕದ್ದು.

ಪ್ರಶ್ನೆಯನ್ನು ನೋಡಿ ಇಡಿ. "ಶೌಚಾಲಯ ಸ್ವಚ್ಛವಾಗಿದೆಯೇ?" ಎಂದರೆ ಹೆಚ್ಚಿನವರು ಹೌದು ಎನ್ನುತ್ತಾರೆ, ಫಿನಾಯಿಲ್ ವಾಸನೆ ಇದ್ದೇ ಇರುತ್ತದೆ. ಕೇಳಬೇಕಾದ್ದು ಬೇರೆ: ಮಷಿನ್ ಬಿಟ್ಟು ಎದ್ದರೆ ಯಾರಾದರೂ ಏನಾದರೂ ಅನ್ನುತ್ತಾರಾ? ಟೋಕನ್ ಸಿಗುವವರೆಗೆ ಕಾಯಬೇಕಾ? ಎದ್ದು ಹೋಗಬೇಕಾದೀತೆಂದು ನೀರು ಕುಡಿಯದೇ ಇರುತ್ತೀರಾ? ಈ ಕೊನೆಯ ಪ್ರಶ್ನೆ ಕೇಳಲು ಎಚ್‌ಆರ್‌ಗೆ ಮುಜುಗರವಾಗುತ್ತದೆ. ಆಗಲಿ, ಕೇಳಿ.

ಕಾನೂನು ಕೊಡಲೇಬೇಕೆಂದಿರುವುದನ್ನು ಅಂಕಕ್ಕೆ ಇಡಬೇಡಿ. ಓವರ್‌ಟೈಮ್‌ಗೆ (ಓಟಿ) ದುಪ್ಪಟ್ಟು ಕೂಲಿ ಕೊಡಬೇಕು ಎಂಬುದು ಕಾನೂನು. "ಓಟಿ ಪಾವತಿ ಬಗ್ಗೆ ತೃಪ್ತಿ ಇದೆಯೇ, 1ರಿಂದ 5ರಲ್ಲಿ ಗುರುತಿಸಿ" ಎನ್ನುವುದು ನಗೆಪಾಟಲು. ಅದಕ್ಕೆ ಹಾಜರಿ ಪುಸ್ತಕ ಮತ್ತು ಸಂಬಳದ ಚೀಟಿ ಎದುರುಬದುರು ಇಟ್ಟು ನೋಡಿದರೆ ಸಾಕು.

ಖಾಲಿ ಜಾಗ ಬಿಡಿ. ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರ ನಡುವೆ ಸುಮಾರು 21 ಸಾವಿರ ಕೆಲಸಗಾರರನ್ನು ಮಾತಾಡಿಸಿದರು. ಮೊದಲು ಕೈಯಲ್ಲಿ ಪ್ರಶ್ನೆಪಟ್ಟಿ ಹಿಡಿದಿದ್ದರು. ಜನ ಪಟ್ಟಿ ಬಿಟ್ಟು ತಮಗೆ ಬೇಕಾದ್ದನ್ನೇ ಹೇಳತೊಡಗಿದಾಗ ಪಟ್ಟಿಯನ್ನು ಬದಿಗಿಟ್ಟು ಕೇಳಿಸಿಕೊಳ್ಳುವ ಕ್ರಮಕ್ಕೆ ಬಂದರು. ನಮ್ಮಲ್ಲೂ ಹುರುಳಿರುವುದು ಹೆಚ್ಚಾಗಿ ಹಾಳೆಯ ಕೊನೆಯ ಖಾಲಿ ಜಾಗದಲ್ಲೇ.

ಚೀಟಿ ಕೈಗೆ ಬಂದ ಮೇಲೆ

ಹೆಚ್ಚು ತಪ್ಪಾಗುವುದು ಇಲ್ಲೇ. ಹೆಸರು ಕೇಳಿಲ್ಲ ಎಂದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಲೈನ್, ಊರು, ಸರ್ವಿಸ್, ವಯಸ್ಸು ಎಂದು ನಾಲ್ಕು ಕಾಲಂ ತುಂಬಿಸಿಕೊಂಡರೆ ಆರನೇ ಲೈನಿನಲ್ಲಿ ಎಂಟು ವರ್ಷ ಸರ್ವಿಸ್ ಆದ ಒಡಿಯಾ ಟೈಲರ್ ಒಬ್ಬಳೇ ಇರುತ್ತಾಳೆ. ಅವಳ ಹೆಸರು ಬರೆಸಿಕೊಂಡಂತೆಯೇ ಆಯಿತು. ಆದ್ದರಿಂದ ಲೈನ್ ಒಂದನ್ನು ಕೇಳಿ, ಉಳಿದದ್ದನ್ನು ಬಿಡಿ. ಹತ್ತು ಜನಕ್ಕಿಂತ ಕಡಿಮೆ ಇರುವ ವಿಭಾಗದ ಅಂಕಿಯನ್ನು ಬೇರೆಯಾಗಿ ತೋರಿಸಕೂಡದು. ಕಟಿಂಗ್ ಮಾಸ್ಟರ್‌ಗಳು ನಾಲ್ವರೇ ಇದ್ದರೆ ಸ್ಯಾಂಪಲ್ ಮತ್ತು ಸ್ಟೋರ್‌ನವರ ಜೊತೆ ಸೇರಿಸಿ.

ಕೈಬರಹದ ಚೀಟಿ ಫ್ಲೋರ್‌ಗೆ ಹೋಗಬಾರದು, ಅದರ ಫೋಟೋ ವಾಟ್ಸಾಪ್ ಗುಂಪಿಗೆ ಹೋಗಲೇಬಾರದು. ಎಚ್‌ಆರ್‌ನಲ್ಲಿ ಒಬ್ಬರೇ ಕೂತು ಎಲ್ಲವನ್ನೂ ಸಾದಾ ಕನ್ನಡದಲ್ಲಿ ಟೈಪ್ ಮಾಡಿ, ಮೂಲ ಚೀಟಿಗಳನ್ನು ಬೀಗದೊಳಗೆ ಇಡತಕ್ಕದ್ದು. "ಭಾಳ ಬೈತಾರ್ರೀ, ಕುಂದ್ರಾಕ ಬಿಡೂದಿಲ್ರೀ" ಎಂದು ಬರೆದವಳು ಲೈನಿನಲ್ಲಿ ಒಬ್ಬಳೇ ಉತ್ತರ ಕರ್ನಾಟಕದವಳಾಗಿದ್ದರೆ ಸೂಪರ್‌ವೈಸರ್‌ಗೆ ಬೇರೆ ಸಾಕ್ಷಿಯೇ ಬೇಡ. "ತುಂಬಾ ಬೈಯುತ್ತಾರೆ, ಕೂರಲು ಬಿಡುವುದಿಲ್ಲ" ಎಂದಷ್ಟೇ ಬರಲಿ. ಸೊಗಸು ಹೋಗುತ್ತದೆ, ಗೊತ್ತು. ಅವಳ ಕೆಲಸ ಉಳಿಯುತ್ತದೆ.

"ಇದು ಯಾರು ಬರೆದಿದ್ದು?" ಎಂಬ ಪ್ರಶ್ನೆಯನ್ನು ಯಾರೂ ಕೇಳಕೂಡದು. ತಮಾಷೆಗೂ ಕೂಡದು. ಕೇಳಿದವರು ಯಾವ ಹುದ್ದೆಯಲ್ಲಿದ್ದರೂ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಅಭಿಪ್ರಾಯ ಸಂಗ್ರಹ ಆದ ಮೂರು ತಿಂಗಳೊಳಗೆ ಯಾರನ್ನಾದರೂ ಲೈನ್ ಬದಲಿಸಿದರೆ, ಟೈಲರ್‌ನಿಂದ ಹೆಲ್ಪರ್‌ಗೆ ಇಳಿಸಿದರೆ, ರಜೆ ತಿರಸ್ಕರಿಸಿದರೆ ಕಾರಣವನ್ನು ಎಚ್‌ಆರ್‌ಗೆ ಬರೆದು ಕೊಡಬೇಕು.

ಎಲ್ಲ ಚೀಟಿಯೂ ಲೆಕ್ಕಕ್ಕೆ ಹೋಗುವಂಥದ್ದಲ್ಲ. ತುರ್ತು ಬಾಗಿಲಿಗೆ ಬೀಗ ಹಾಕುತ್ತಾರೆ ಎಂದಿದ್ದರೆ ವರದಿಗೆ ಕಾಯದೆ ಅಂದೇ, ಆ ಗಂಟೆಯೇ ತೆಗೆಸಿ. ಲೈಂಗಿಕ ಕಿರುಕುಳದ ಮಾತು ಬಂದರೆ ಅದನ್ನು ಅಂಕಿಗಳ ನಡುವೆ ಸೇರಿಸುವಂತಿಲ್ಲ. ಆಂತರಿಕ ಸಮಿತಿಯ ಅಧ್ಯಕ್ಷೆಗೆ ನೇರ ತಿಳಿಸಿ. 2013ರ ಕಾಯ್ದೆಯ ಪ್ರಕಾರ ದೂರು ಕೊಡಲು ಮೂರು ತಿಂಗಳ ಅವಧಿ ಇದೆ, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಇದನ್ನೂ ಸಮಿತಿಯವರ ಹೆಸರು, ಫೋನ್ ನಂಬರನ್ನೂ ಇಡೀ ಫ್ಲೋರ್‌ಗೆ ಮೈಕಿನಲ್ಲಿ ಹೇಳಿ. ಬರೆದವಳನ್ನು ಹುಡುಕಿಕೊಂಡು ಹೋಗಬೇಡಿ. ಎಲ್ಲರಿಗೂ ಹೇಳಿದರೆ ಅವಳಿಗೂ ಮುಟ್ಟುತ್ತದೆ.

ಸರಾಸರಿಯನ್ನು ನಂಬಿ ಕೂರಬೇಡಿ

40 ಜನರ ಒಂದು ಲೈನಿನಲ್ಲಿ ಎಲ್ಲರೂ 3 ಅಂಕ ಕೊಟ್ಟಿದ್ದಾರೆ. ಪಕ್ಕದ ಲೈನಿನಲ್ಲಿ 20 ಜನ 5 ಕೊಟ್ಟಿದ್ದಾರೆ, 20 ಜನ 1 ಕೊಟ್ಟಿದ್ದಾರೆ. ಎರಡರ ಸರಾಸರಿಯೂ 3. ಮೊದಲನೆಯದರಲ್ಲಿ ಬೇಸರವಿದೆ, ಎರಡನೆಯದರಲ್ಲಿ ಪಕ್ಷಪಾತವಿರಬಹುದು. ಎಷ್ಟು ಜನ 1 ಕೊಟ್ಟರು ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಹಾಕಿ. ಒಮ್ಮೆಲೇ ಎಲ್ಲರೂ 5 ಕೊಟ್ಟ ಲೈನನ್ನು ಹೊಗಳುವ ಮುಂಚೆ ಅಲ್ಲಿನ ಗೈರುಹಾಜರಿ, ಕೆಲಸ ಬಿಟ್ಟವರ ಪಟ್ಟಿ ನೋಡಿ.

ಸೂಪರ್‌ವೈಸರ್‌ಗಳ ಇನ್‌ಕ್ರಿಮೆಂಟನ್ನು ಈ ಅಂಕಕ್ಕೆ ಕಟ್ಟಬೇಡಿ. ಕಟ್ಟಿದರೆ ಮುಂದಿನ ಸಲದಿಂದ ಅಂಕ ಚೆನ್ನಾಗಿ ಬರುತ್ತದೆ, ಬೈಗುಳ ಹಾಗೇ ಇರುತ್ತದೆ. ಬೈಯುವ ಸೂಪರ್‌ವೈಸರ್ ಮೇಲೆ ಗಂಟೆಗಂಟೆಗೂ ಟಾರ್ಗೆಟ್ ಹೇರುವವರು ಯಾರು ಎಂಬುದೂ ಅದೇ ವರದಿಯಲ್ಲಿ ಇರಬೇಕು. ಪ್ರೊಡಕ್ಷನ್ ಮ್ಯಾನೇಜರ್‌ಗಳು ಇದನ್ನು ಎರಡು ಸಲ ಓದಿಕೊಳ್ಳಲಿ.

ಉತ್ತರ ಕೊಡುವುದು

15 ದಿನದೊಳಗೆ ಫಲಿತಾಂಶವನ್ನು ಫ್ಲೋರ್ ಮೇಲೆ ಓದಿ ಹೇಳಬೇಕು. ಯಾವುದನ್ನು ಸರಿ ಮಾಡುತ್ತೇವೆ, ಯಾವ ತಾರೀಖಿನೊಳಗೆ, ಹೊಣೆ ಯಾರದು. ಯಾವುದು ಆಗುವುದಿಲ್ಲ, ಯಾಕೆ. "ಪರಿಶೀಲಿಸಲಾಗುವುದು" ಎಂದು ಬರೆಯಬೇಡಿ. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಆಡಳಿತದವರೂ ಕೆಲಸಗಾರರೂ ಸಮಸಮ ಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕೆಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ಸರಿ ಮಾಡುತ್ತೇವೆ ಎಂದವುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಆ ಸಮಿತಿಯ ಮುಂದಿಟ್ಟು, ಆದದ್ದಕ್ಕೆ ಟಿಕ್ ಹಾಕುವ ಪೆನ್ನನ್ನು ಕೆಲಸಗಾರರ ಪ್ರತಿನಿಧಿಯ ಕೈಗೆ ಕೊಡಿ. ಹಿಂದಿನ ಪಟ್ಟಿಯಲ್ಲಿ ಅರ್ಧವಾದರೂ ಟಿಕ್ ಬೀಳುವವರೆಗೆ ಹೊಸ ಪ್ರಶ್ನಾವಳಿ ಅಚ್ಚು ಹಾಕಿಸಕೂಡದು.

ಈ ಸೂಚನೆಯನ್ನು ಎಚ್‌ಆರ್ ಕೊಠಡಿಯೊಳಗೇ ಇಟ್ಟುಕೊಳ್ಳಬೇಡಿ. ಹಿಂದಿ, ಒಡಿಯಾ ಪ್ರತಿಗಳ ಜೊತೆ ಕ್ಯಾಂಟೀನ್ ಬೋರ್ಡಿಗೆ ಅಂಟಿಸಿ. ಸೂಪರ್‌ವೈಸರ್ ಏನೇನು ಮಾಡುವಂತಿಲ್ಲ ಎಂಬುದನ್ನು ಟೈಲರ್‌ಗಳೂ ಹೆಲ್ಪರ್‌ಗಳೂ ಓದಲಿ.