ಅಂಬರನಾಥಕ್ಕೆ ಹೋಗುವ ಮೊದಲು

ಊರಿಂದ ಡೊಂಬಿವಲಿಗೆ ಬರುವ ನೆಂಟರ ಬಳಿ ನೋಡಬೇಕಾದ ಜಾಗಗಳ ಪಟ್ಟಿ ಸಿದ್ಧವೇ ಇರುತ್ತದೆ. ಗೇಟ್‌ವೇ ಆಫ್ ಇಂಡಿಯಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಪುರುಸೊತ್ತಿದ್ದರೆ ಎಲಿಫೆಂಟಾ. ಎಲ್ಲವೂ ಮುಂಬಯಿ ಕಡೆಗೆ. ನಾನು ಮಾತ್ರ ಅವರನ್ನು ಮೊದಲು ಎದುರು ದಿಕ್ಕಿನ ಗಾಡಿ ಹತ್ತಿಸುತ್ತೇನೆ. ಠಾಕುರ್ಲಿ, ಕಲ್ಯಾಣ, ವಿಠ್ಠಲವಾಡಿ, ಉಲ್ಲಾಸನಗರ ದಾಟಿದರೆ ಅಂಬರನಾಥ. ಅಲ್ಲಿಯ ಶಿವಮಂದಿರಕ್ಕೆ ಒಂಬೈನೂರ ಅರವತ್ತು ವರ್ಷ ದಾಟಿದೆ. ನೆಂಟರನ್ನೂ ಇಲ್ಲಿಯ ಕನ್ನಡ ಸಂಘದ ಮಕ್ಕಳನ್ನೂ ಮತ್ತೆ ಮತ್ತೆ ಅಲ್ಲಿಗೆ ಕರೆದೊಯ್ದ ಅನುಭವದಿಂದ ಹೇಳುವುದಾದರೆ, ಹಳೆಯ ಕಟ್ಟಡ ನೋಡುವುದಕ್ಕೂ ಒಂದಿಷ್ಟು ತಯಾರಿ ಬೇಕು.

ಮೊದಲನೆಯ ಪಾಠ ಹೊತ್ತಿನದು. ಬೆಳಗ್ಗೆ ಮುಂಬಯಿ ಕಡೆಗಿನ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ಕರ್ಜತ್ ಕಡೆಗೆ ಹೋಗುವ ಡೌನ್ ಗಾಡಿಯಲ್ಲಿ ಮಕ್ಕಳಿಗೆ ಕಿಟಕಿಯ ಸೀಟೇ ಸಿಗುತ್ತದೆ. ನವಿ ಮುಂಬಯಿಯವರು ವಾಶಿಯಿಂದಲೋ ನೆರೂಲಿನಿಂದಲೋ ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸಬಹುದು. ಅಂಬರನಾಥ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ರಿಕ್ಷಾದವನಿಗೆ ‘ಶಿವಮಂದಿರ’ ಎಂದರೆ ಸಾಕು. ಮಹಾಶಿವರಾತ್ರಿಗೂ ಶ್ರಾವಣ ಸೋಮವಾರಕ್ಕೂ ಹೋದರೆ ಜಾತ್ರೆ ನೋಡಬಹುದು, ಶಿಲ್ಪ ನೋಡಲಾಗದು. ದೇವಸ್ಥಾನ ಪಶ್ಚಿಮಾಭಿಮುಖ. ಹಾಗಾಗಿ ಬೆಳಗಿನ ಬಿಸಿಲು ಹಿಂಗೋಡೆಯ ಮೇಲೆ ಬೀಳುತ್ತದೆ, ಮುಂಭಾಗಕ್ಕೆ ಬೆಳಕು ಬರಲು ಮಧ್ಯಾಹ್ನ ಕಳೆಯಬೇಕು. ಕಪ್ಪು ಕಲ್ಲಿನ ಮೇಲಿನ ಕೆತ್ತನೆಗೆ ಈ ಓರೆ ಬಿಸಿಲು ಬಹಳ ಮುಖ್ಯ.

ಎರಡನೆಯ ಪಾಠವನ್ನು ನಾನು ಕಲಿತದ್ದು ಲಂಡನ್ನಿನಲ್ಲಿ. ಮಗಳ ಮನೆಗೆ ಹೋದಾಗ ಟವರ್ ಆಫ್ ಲಂಡನ್ ನೋಡಿದೆವು. ಟಿಕೆಟ್ಟಿನ ದುಡ್ಡು ನಮ್ಮ ರೂಪಾಯಿಯಲ್ಲಿ ತಲೆಗೆ ಸಾವಿರಗಟ್ಟಲೆ. ಆದರೆ ಅದರೊಳಗೇ ಕಾವಲಿನವರ ವಿವರಣೆಯೂ ಸೇರಿತ್ತು. ಈ ಯೋಮನ್ ವಾರ್ಡರ್‌ಗಳು ಸೈನ್ಯದಲ್ಲಿ 22 ವರ್ಷಕ್ಕೆ ಕಡಿಮೆಯಿಲ್ಲದೆ ದುಡಿದವರು, ಕೋಟೆಯೊಳಗೇ ಸಂಸಾರ ಹೂಡಿರುವವರು. ನಮ್ಮ ಪಾಲಿಗೆ ಬಂದವರು ಎತ್ತರದ ದನಿಯಲ್ಲಿ ರಾಜರನ್ನೂ ರಾಣಿಯರನ್ನೂ, ಕೋಟೆಯಲ್ಲಿ ಸಾಕಿರುವ ಕಾಗೆಗಳನ್ನೂ ಒಂದೇ ಕಥೆಯೊಳಗೆ ತಂದು ನಿಲ್ಲಿಸಿದರು. ನಡುವಿನ ವೈಟ್ ಟವರ್ ಸುಮಾರು 27 ಮೀಟರ್ ಎತ್ತರ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ಅದನ್ನು 1070ರ ದಶಕದಲ್ಲಿ ಕಟ್ಟಿಸತೊಡಗಿದ. ಅದಕ್ಕೆ ಬೇಕಾದ ಕಲ್ಲಿನಲ್ಲಿ ಒಂದಿಷ್ಟನ್ನು ಸಮುದ್ರದಾಚೆಯ ನಾರ್ಮಂಡಿಯಿಂದಲೇ ತರಿಸಿದ. ಗೆದ್ದವನು ಸೋತವರಿಗೆ ಹುಟ್ಟಿಸಬೇಕಾದ ಭಯವೆಲ್ಲ ಆ ಗೋಡೆಗಳಲ್ಲಿದೆ. ಕೇಳುತ್ತಿದ್ದ ಹಾಗೆ ನನ್ನ ಲೆಕ್ಕ ಬೇರೆಲ್ಲೋ ಓಡುತ್ತಿತ್ತು. ಅಂಬರನಾಥದ ಶಾಸನದ ವರ್ಷ 1060. ಅಂದರೆ ವಿಲಿಯಂ ಇನ್ನೂ ಕಡಲು ದಾಟಿರಲಿಲ್ಲ! ಅಷ್ಟು ಹಳೆಯ ದೇವಸ್ಥಾನಕ್ಕೆ ಹೋದಾಗಲೂ ಜೊತೆಯಲ್ಲಿ ಕಥೆ ಹೇಳುವವರೊಬ್ಬರು ಇರಬೇಕೆಂದು ಅಲ್ಲೇ ನಿಶ್ಚಯಿಸಿದೆ. ಬೇರೆ ಯಾರೂ ಇಲ್ಲದಿದ್ದರೆ ನಾವೇ.

ಕಥೆ ಹೊರಗಿನಿಂದ ಶುರುವಾಗಬೇಕು. ನೇರವಾಗಿ ಗರ್ಭಗುಡಿಗೆ ನುಗ್ಗಿ, ಕೈಮುಗಿದು, ಫೋಟೋ ಹೊಡೆದು ಹೊರಡುವವರೇ ಹೆಚ್ಚು. ನಾನು ಎಲ್ಲರನ್ನೂ ಮೊದಲು ನಿಧಾನವಾಗಿ ಒಂದು ಸುತ್ತು ಹಾಕಿಸುತ್ತೇನೆ. ಬುಡದ ಪಟ್ಟಿಕೆಗಳಲ್ಲಿ ಆನೆಗಳ ಸಾಲು ಕಂಡಕೂಡಲೇ ನಮ್ಮ ಕಡೆಯವರು “ಬೇಲೂರಿನ ಹಾಗೇ ಉಂಟಲ್ಲ!” ಎನ್ನುತ್ತಾರೆ. ಗೋಡೆಯೂ ಅಲ್ಲಿಯ ಹಾಗೆಯೇ ಮೂಲೆ ಮೂಲೆಯಾಗಿ ಮುರಿದುಕೊಂಡು ಸಾಗುತ್ತದೆ. ಆದರೆ ಬೇಲೂರಿನ ಚೆನ್ನಕೇಶವ 1117ರದು, ಇದು ಅದಕ್ಕಿಂತ ಅರ್ಧ ಶತಮಾನಕ್ಕೂ ಹಿಂದಿನದು. “ಮತ್ತೆ ಬೇಲೂರಿನ ನಯ ಇಲ್ಲಿ ಯಾಕಿಲ್ಲ?” ಎಂದು ಮಕ್ಕಳು ಕೇಳಿದರೆ ಉತ್ತರ ಕಲ್ಲಿನಲ್ಲಿದೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ. ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಬಹುದು. ಅಂಬರನಾಥದ್ದು ಸಹ್ಯಾದ್ರಿಯ ಈ ಭಾಗದಲ್ಲೆಲ್ಲ ಸಿಗುವ ಕರಿ ಬಸಾಲ್ಟ್, ಉಳಿಗೆ ಸುಲಭಕ್ಕೆ ಬಗ್ಗದ ಕಲ್ಲು. ಅದರಲ್ಲಿ ಶಿವನ ನಾನಾ ರೂಪಗಳನ್ನೂ ಸುರಸುಂದರಿಯರನ್ನೂ ಇಷ್ಟು ಮೂಡಿಸಿದ್ದು ದೊಡ್ಡದು. ಮಳೆ ಬಿಸಿಲಿಗೆ ಎಷ್ಟೋ ಮುಖಗಳು ಸವೆದಿವೆ. ಹಾಗಾಗಿ ಮುಖಕ್ಕಿಂತ ನಿಲುವನ್ನು ನೋಡಿ ಎಂದು ಹೇಳುತ್ತೇನೆ.

ಒಳಗೆ ಮಂಟಪದ ನಾಲ್ಕು ಕಂಬಗಳ ನಡುವೆ ನಿಂತು ತಲೆ ಎತ್ತಿದರೆ ಕೆತ್ತಿದ ಚಾವಣಿ. ಅಲ್ಲಿಂದ ಗರ್ಭಗುಡಿಗೆ ಹತ್ತುವುದಿಲ್ಲ, ಇಳಿಯುವುದು. ಇಪ್ಪತ್ತರಷ್ಟು ಮೆಟ್ಟಿಲು ಕೆಳಗೆ ಲಿಂಗವಿದೆ. ಮೇಲೆ ಬಯಲು, ಶಿಖರದ ತುದಿಯೇ ಇಲ್ಲ. ಉಡುಪಿಯಿಂದ ಬಂದ ನನ್ನ ಸೋದರಮಾವ ಕೆಳಗೆ ನಿಂತು ಆಕಾಶ ನೋಡಿ, “ಶಿಖರ ಎಲ್ಲಿ ಹೋಯ್ತು ಮಾರಾಯ?” ಎಂದು ಕೇಳಿದ್ದರು. ಪಕ್ಕದಲ್ಲಿದ್ದ ಮರಾಠಿ ಅಜ್ಜಿಯ ಬಳಿ ಉತ್ತರ ಸಿದ್ಧವಿತ್ತು: ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟುತ್ತಿದ್ದರು, ಬೆಳಗಾಯಿತು, ಮೇಲಿನ ಕೆಲಸ ಹಾಗೇ ಉಳಿಯಿತು. ಈ ಮಾತನ್ನು ತಿದ್ದಲು ಹೋಗಬಾರದು ಎಂಬುದು ಮೂರನೆಯ ಪಾಠ. ಅದು ಇಂದಿಗೂ ಪೂಜೆ ನಡೆಯುವ ಜಾಗ. ಲಿಂಗದ ಮುಂದೆ ನಿಂತವರಿಗೆ ದಾರಿ ಬಿಟ್ಟು, ಅಜ್ಜಿಯ ಕಥೆಯನ್ನು ಪೂರ್ತಿ ಕೇಳಿ, ಹೊರಗೆ ಬಂದಮೇಲೆ ಶಾಸನದ ಕಥೆ ಹೇಳಿದರಾಯಿತು. ಮಕ್ಕಳು ಎರಡನ್ನೂ ನೆನಪಿಡುತ್ತಾರೆ.

ಶಾಸನವಿರುವುದು ಉತ್ತರದ ಬಾಗಿಲ ಮೇಲಿನ ತೊಲೆಯ ಒಳಮೈಯಲ್ಲಿ. ಅದರಲ್ಲಿ ಶಕ 982 ಎಂಬ ಕಾಲವೂ, ಉತ್ತರ ಕೊಂಕಣದ ಶಿಲಾಹಾರ ದೊರೆ ಮಾಮ್ವಾಣಿಯ ಹೆಸರೂ ಇದೆ. ಈ ಶಿಲಾಹಾರರು ಯಾರು ಎಂದು ತಿಳಿಯಲು ನಮ್ಮ ಸುತ್ತಮುತ್ತಲೇ ತಿರುಗಬೇಕು. 1787ರಲ್ಲಿ ಠಾಣೆಯ ಕೋಟೆಯಲ್ಲಿ ನೆಲ ಅಗೆಯುವಾಗ ಇದೇ ವಂಶದ ಅರಿಕೇಸರಿಯ ತಾಮ್ರಪಟ ಸಿಕ್ಕಿತು. ಆ ಕೋಟೆ ಈಗ ಜೈಲು. ಬೊರಿವಲಿ ಬಳಿಯ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಶಿಲಾಹಾರ ಸಾಮಂತ ಕಪರ್ದಿ ತನ್ನ ಒಡೆಯನೆಂದು ಹೇಳಿಕೊಳ್ಳುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಅದೇ ಅಮೋಘವರ್ಷ. ಶಿಲಾಹಾರರ ಸಂಸ್ಕೃತ ಶಾಸನಗಳ ನಡುವೆ ‘ಮಲಗಲಗಂಡ’ದಂಥ ಕನ್ನಡ ಬಿರುದುಗಳೂ ಇವೆ. ಇದನ್ನು ನಾನು ಮಕ್ಕಳಿಗೆ ಹೇಳುವುದು ದೇವಸ್ಥಾನ ನಮ್ಮದೆಂದು ಹಕ್ಕು ಸಾಧಿಸಲು ಅಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತ ಬೆಳೆಯುವ ಆ ಮಕ್ಕಳಿಗೆ, ಎರಡು ನುಡಿಗಳ ನಡುವೆ ಬದುಕುವುದು ಈ ನೆಲದಲ್ಲಿ ಹೊಸತೇನಲ್ಲ ಎಂದು ಗೊತ್ತಾಗಲಿ ಎಂದು. ನಾಲ್ಕೈದು ಹೆಸರು, ಒಂದೆರಡು ಇಸವಿ, ಗಾಡಿಯಲ್ಲೇ ಹೇಳಿ ಮುಗಿಸುತ್ತೇನೆ. ಅಲ್ಲಿ ಹೋಗಿ ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು. ದೇವಸ್ಥಾನದ ಪಕ್ಕದ ವಾಲಧುನಿ ಹೊಳೆಗೆ ಕಾರ್ಖಾನೆಗಳ ರಾಸಾಯನಿಕವೂ ಊರಿನ ಕೊಳಚೆಯೂ ಸೇರಿ, ಕೆಲವು ದಿನ ಮೂಗು ಮುಚ್ಚಿಕೊಂಡೇ ಪ್ರದಕ್ಷಿಣೆ ಮುಗಿಸಬೇಕಾಗುತ್ತದೆ. ಕಲ್ಲಿನ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಬೋರ್ಡು ಹಾಕಿ ಕಾಯಬಹುದು. ಅದು ನಿಂತ ದಡವನ್ನು ಹಾಳುಗೆಡವಿದರೆ ಆ ಕಾವಲು ಅರ್ಧದ್ದೇ. ಮಕ್ಕಳಿಂದ ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಇತಿಹಾಸದ ಪಾಠದಲ್ಲಿ ಇದೂ ಒಂದು ಅಧ್ಯಾಯ.

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ರಾಜ್ಯೋತ್ಸವಕ್ಕೆ ಹಾಡು, ನೃತ್ಯ, ಸನ್ಮಾನ ಎಲ್ಲ ನಡೆಯಲಿ. ಅದರ ಜೊತೆಗೆ ವರ್ಷಕ್ಕೊಂದು ಬೆಳಗ್ಗೆ ಸಂಘದ ಮಕ್ಕಳನ್ನು ಅಂಬರನಾಥಕ್ಕೆ ಕರೆದೊಯ್ಯುವ ಪದ್ಧತಿ ಇಟ್ಟುಕೊಳ್ಳಿ. ಕಥೆ ಹೇಳಬಲ್ಲ ಒಬ್ಬರನ್ನು ಮುಂಚೆಯೇ ಗೊತ್ತು ಮಾಡಿ, ಸಾಧ್ಯವಾದರೆ ನೆರೆಯ ಮರಾಠಿ ಮಕ್ಕಳನ್ನೂ ಸೇರಿಸಿಕೊಳ್ಳಿ. ಖರ್ಚು ಲೋಕಲ್ ಟಿಕೆಟ್, ರಿಕ್ಷಾ ಬಾಡಿಗೆ ಮತ್ತು ಎಲ್ಲರಿಗೂ ಒಂದೊಂದು ವಡಾಪಾವ್ ಮಾತ್ರ.