ಸ್ಟೇರಿಂಗ್ ನಡುಗಿದರೆ ಮೊದಲು ಕೆಸರು ನೋಡು

ತಮ್ಮಾ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕಾರು ಓಡಿಸುವವನು ನೀನು. ಗ್ಯಾರೇಜಿಗೆ ಓಡುವ ಮುಂಚೆ ಇಷ್ಟು ತಿಳಿದಿರಲಿ.

• ವೀಲ್ ಬ್ಯಾಲೆನ್ಸ್ ತಪ್ಪಿದ್ದು ಗೊತ್ತಾಗುವುದು ಸಾಮಾನ್ಯವಾಗಿ 80ರಿಂದ 100 ಕಿ.ಮೀ. ವೇಗದಲ್ಲಿ. ಆಗ ಚಕ್ರ ಸೆಕೆಂಡಿಗೆ 12ರಿಂದ 15 ಸುತ್ತು ಹೊಡೆಯುತ್ತಿರುತ್ತದೆ. ನಮ್ಮ ತಿರುವುಗಳಲ್ಲಿ ಆ ವೇಗ ಎಲ್ಲಿಂದ ಬರಬೇಕು ಮಾರಾಯ? ಊರಲ್ಲಿ ಸುಮ್ಮನಿದ್ದ ಕಾರು ಶಿವಮೊಗ್ಗ ದಾಟಿ ಹೆದ್ದಾರಿ ಹಿಡಿದ ಮೇಲೆ ನಡುಗುವುದು ಅದಕ್ಕೇ. ಕೈಗೆ ನಡುಕ ಬಂದರೆ ಮುಂದಿನ ಚಕ್ರ, ಸೀಟಿಗೆ ಬಂದರೆ ಹೆಚ್ಚಾಗಿ ಹಿಂದಿನದು. ಮಳೆಗಾಲದಲ್ಲಿ ಮೊದಲು ರಿಮ್ಮಿನ ಒಳಮೈ ನೋಡು. ತೋಟದ ದಾರಿಯ ಕೆಂಪು ಕೆಸರು ಒಂದೇ ಕಡೆ ಅಂಟಿ ಒಣಗಿರುತ್ತದೆ. ಎಷ್ಟೋ ಸಲ ನಾಲ್ಕು ಕೊಡ ನೀರು, ಒಂದು ಬ್ರಷ್ಷಿನಲ್ಲಿ ಕೆಲಸ ಮುಗಿಯುತ್ತದೆ.

• ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿದರೆ ಡಿಸ್ಕ್ ತೋರಿಸು. ಆಗುಂಬೆ, ಹುಲಿಕಲ್ ಘಾಟಿಯನ್ನು ಬ್ರೇಕಿನ ಮೇಲೇ ಇಳಿಸುವವರಿಗೆ ಈ ಕಾಟ ಬೇಗ. ಎರಡನೇ ಗೇರಿನಲ್ಲಿ ಇಳಿಸು. ಇಂಜಿನ್ ಗೊರಗುಟ್ಟಿದರೆ ಗುಟ್ಟಲಿ.

• ಸದ್ದು ಇಂಜಿನ್ನಿನದೋ ಚಕ್ರದ್ದೋ? ನೇರವಾದ ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಡು. ಹಾಗೇ ಉಳಿದರೆ ಚಕ್ರದ ಕಡೆಯದು. ಗುಂಯ್ ಸದ್ದು ತಿರುವಿನಲ್ಲಿ ಏರಿಳಿದರೆ ಬೇರಿಂಗ್ ಮೇಲೆ ಅನುಮಾನ. ಘಾಟಿಯಲ್ಲಿ ಈ ಪರೀಕ್ಷೆ ಬೇಡವೇ ಬೇಡ.

• ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್. ಅದನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ಕೆಸರು ಹೊಕ್ಕಿರುತ್ತದೆ. ಮಳೆ ಹಿಡಿಯುವ ಮೊದಲೇ ಬೂಟ್ ನೋಡಿಸಿದರೆ ಖರ್ಚು ಕಡಿಮೆ.

• ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಬೆಳಿಗ್ಗೆ ಕರಕರ ಅಂದರೆ ಡಿಸ್ಕಿನ ತುಕ್ಕು. ಹತ್ತು ಹೆಜ್ಜೆ ಹೋಗಿ ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಹೋಗದಿದ್ದರೆ ಪ್ಯಾಡ್ ಸವೆದಿರಬೇಕು, ಇಲ್ಲವೇ ಜಲ್ಲಿ ಚೂರು ಸಿಕ್ಕಿರಬೇಕು.

• ಮೂರು ಸಿಲಿಂಡರಿನ ಕಾರು ನಿಂತಲ್ಲಿ ಕೊಂಚ ನಡುಗುವುದೇ. ಹೊಸದಾಗಿ ಹೆಚ್ಚಾದರೆ ಮಾತ್ರ ಇಂಜಿನ್ ಮೌಂಟ್ ನೋಡಿಸು.

• 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆಯಂಥ ಕಡೆ ಅಲ್ಲಲ್ಲಿ ಟಕ್ ಅಂದರೆ ಅದು ಸೇತುವೆಯ ಜಾಯಿಂಟಿನದು, ಕಾರನ್ನು ಬೈಯಬೇಡ.

• ದಿನಾ ಓಡಿಸುವವನ ಕಿವಿಗೆ ಸದ್ದು ರೂಢಿಯಾಗಿಬಿಡುತ್ತದೆ. ಊರಿಗೆ ಬಂದ ಭಾವನ ಕೈಗೆ ಕೀ ಕೊಟ್ಟು ನೋಡು. ಹಾಡು ನಿಲ್ಲಿಸಿ, ಧರೆಯ ಪಕ್ಕ ಗ್ಲಾಸ್ ಇಳಿಸಿ ನಿಧಾನ ಹೋದರೆ ಚಕ್ರದ ಸದ್ದು ಧರೆಗೆ ಬಡಿದು ವಾಪಸ್ ಕೇಳುತ್ತದೆ.

• ಗ್ಯಾರೇಜಿನಲ್ಲಿ ‘ಏನೋ ಸದ್ದು’ ಅನ್ನಬೇಡ. ‘ಅರವತ್ತರಲ್ಲಿ, ಎಡ ತಿರುವಿನಲ್ಲಿ, ಬಿಸಿಯಾದ ಮೇಲೆ’ ಅನ್ನು. ಮೆಕ್ಯಾನಿಕ್ಕನ್ನು ಪಕ್ಕ ಕೂರಿಸಿಕೊಂಡು ಅಂಥದೇ ತಿರುವಿಗೆ ಕರೆದುಕೊಂಡು ಹೋಗು.